ಹನ್ನೊಂದು ರೆಕ್ಕೆಯೋ, ಹನ್ನೆರಡೋ

ಫೋನು ಬಂದಾಗ ನಾನು ಅಂಗಡಿಯಲ್ಲಿ ಒಂದು ಟ್ಯಾಂಕಿನ ಹಳೇ ನೀರು ತೆಗೆಯುತ್ತಿದ್ದೆ. ಒಂದು ಕೈಯಲ್ಲಿ ಪೈಪು, ಕಾಲ ಬಳಿ ತುಂಬುತ್ತಿದ್ದ ಬಕೆಟ್ಟು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಮಾತಾಡಿದೆ.

"ಅಣ್ಣಾ, ರಾಯದುರ್ಗದ ಮೀನಿನಂಗಡಿಯೋರಾ? ನಾವು ಮಡಕಶಿರದಿಂದ. ನಮ್ಮ ಯಜಮಾನ್ರು ನಿಮ್ಮತ್ರ ಒಂದು ಮೀನು ತಂದಿದ್ರು. ಉದ್ದಕೆ, ಹಾವಿನ ಥರ. ಬೆನ್ನ ಮ್ಯಾಲೆ ಗರಗಸ ಇದ್ದಂಗೆ."

ನೆನಪಾಯಿತು. ಎರಡೂವರೆ ವರ್ಷದ ಹಿಂದೆ ನೇಮಕಲ್ಲಿನ ಆಂಜನೇಯನ ದರ್ಶನಕ್ಕೆ ಬಂದವರೊಬ್ಬರು ವಾಪಸು ಹೋಗುವಾಗ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಅಂಗಡಿಯೊಳಗೆ ಬಂದಿದ್ದರು. ಬಂಗಾರದ ಮೀನು, ಗಪ್ಪಿ ಯಾವುದನ್ನೂ ನೋಡಲಿಲ್ಲ. ಮೂಲೆಯ ಟ್ಯಾಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳುದ್ದದ ಒಂದು ಬಿಚಿರ್ ಮರಿಯನ್ನೇ ಅರ್ಧ ಗಂಟೆ ನೋಡಿ, ಅದನ್ನೂ ಒಂದು ಮೂರಡಿ ಟ್ಯಾಂಕನ್ನೂ ಕಟ್ಟಿಸಿಕೊಂಡು ಹೋಗಿದ್ದರು.

"ಅದು ಇನ್ನೂ ಎಷ್ಟು ಬೆಳೀತೈತೆ ಅಣ್ಣಾ? ಅದೊಂದು ಗೊತ್ತಾಗ್ಬೇಕಿತ್ತು."

"ಅದು ಸೆನೆಗಲ್ ಬಿಚಿರ್ ಅಕ್ಕಾ. ಒಂದಡಿ ಆಗತೈತಿ. ಅದಕಿಂತ ಹೆಚ್ಚು ಬೆಳೆಯಂಗಿಲ್ರಿ," ಎಂದೆ. ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೆನೋ, ಯೋಚಿಸದೆ ಬಾಯಿಗೆ ಬಂತು.

"ಒಂದಡಿ ದಾಟಿ ಆರು ತಿಂಗಳಾತು," ಎಂದರು ಆಕೆ. "ಗಾಜಿನ ಮ್ಯಾಲೆ ಸ್ಕೇಲ್ ಇಟ್ಟು ನೋಡೀನಿ. ಹದಿನಾಲ್ಕು ಇಂಚು."

ಬಕೆಟ್ಟು ತುಂಬಿ ನೀರು ನನ್ನ ಕಾಲ ಮೇಲೆ ಹರಿಯತೊಡಗಿತ್ತು.

ಬಿಚಿರ್ ಆಫ್ರಿಕಾದ ನದಿಗಳ ಮೀನು. ಮೈಮೇಲೆ ಹಂಚು ಹೊದಿಸಿದಂಥ ಗಟ್ಟಿ ಹುರುಪೆ. ಬೆನ್ನಿಗೆ ಒಂದೇ ಉದ್ದ ರೆಕ್ಕೆಯ ಬದಲು, ಸಾಲಾಗಿ ನಿಂತ ಪುಟ್ಟ ಪುಟ್ಟ ರೆಕ್ಕೆಗಳು. ಅದರಲ್ಲಿ ಹತ್ತಕ್ಕೂ ಮೇಲ್ಪಟ್ಟು ಜಾತಿಗಳಿವೆ. ನಮ್ಮಂಥ ಅಂಗಡಿಯವರಿಗೆ ಗೊತ್ತಿರಬೇಕಾದದ್ದು ಮುಖ್ಯವಾಗಿ ಎರಡು ಗುಂಪು. ಮೇಲ್ದವಡೆ ಮುಂದೆ ಚಾಚಿದ್ದರೆ ಅವು ಸಾಮಾನ್ಯವಾಗಿ ಚಿಕ್ಕವು, ಸೆನೆಗಲ್ ಅದರಲ್ಲಿ ಸೇರುತ್ತದೆ. ಕೆಳದವಡೆ ಮುಂದಿದ್ದರೆ ದೊಡ್ಡವು. ಎಂಡ್ಲಿಚೆರಿ ಅನ್ನುವುದು ಆ ಗುಂಪಿನದು, ಎರಡಡಿಗೂ ಮೀರಿ ಬೆಳೆಯುತ್ತದೆ. ಮೊದಲನೆಯದಕ್ಕೆ ನಾನು ಕೊಟ್ಟಿದ್ದ ಮೂರಡಿ ಟ್ಯಾಂಕು ಹೇಗೋ ಸಾಕು. ಎರಡನೆಯದಕ್ಕೆ ಅದು ಟ್ಯಾಂಕಲ್ಲ, ಪೆಟ್ಟಿಗೆ.

ಆಕೆ ಸುಮ್ಮನೆ ಕೇಳಿರಲಿಲ್ಲ. ಯಜಮಾನರಿಗೆ ಒಂದೂವರೆ ವರ್ಷದ ಹಿಂದೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿ, ಮಾತೂ ಅರ್ಧಂಬರ್ಧ. ನಡುಮನೆಯ ಮಂಚದ ಮೇಲೆ ಮಲಗಿ ಇಡೀ ದಿನ ಆ ಮೀನನ್ನೇ ನೋಡುತ್ತಾರೆ. ಮೀನಿಗೆ ಈಗ ಟ್ಯಾಂಕಿನಲ್ಲಿ ತಿರುಗಲು ಆಗುತ್ತಿಲ್ಲ. ಮನೆಯಲ್ಲಿ ಇದಕ್ಕಿಂತ ದೊಡ್ಡ ಟ್ಯಾಂಕು ಇಡಲು ಜಾಗವಿಲ್ಲ. ಹಿಂದೂಪುರದ ಹೋಟೆಲಿನವರೊಬ್ಬರು ತಮ್ಮ ದೊಡ್ಡ ಟ್ಯಾಂಕಿಗೆ ಇಸಿದುಕೊಳ್ಳುತ್ತೇವೆ ಎಂದಿದ್ದರಂತೆ.

"ಈ ತಿಂಗಳೊಳಗೆ ಹೇಳಿ ಅಂದವ್ರೆ. ಬೆಳೆಯೋದು ನಿಂತೈತೆ ಅಂದ್ರೆ ಹೆಂಗೋ ಇಟ್ಕೊಂತೀನಿ. ಇನ್ನೂ ಬೆಳೀತೈತೆ ಅಂದ್ರೆ ಕೊಟ್ಬಿಡ್ಬೇಕು. ಆದ್ರೆ ಅದು ಹೋದ್ರೆ ಇವ್ರು ಏನು ನೋಡ್ಕಂಡು ಇರ್ತಾರೆ ಅಣ್ಣಾ? ಸುಮ್ನೆ ಕೊಟ್ಟು ತಪ್ಪು ಮಾಡಿದ್ನಿ ಅನ್ನಂಗೆ ಆಗಬಾರ್ದು."

ಫೋಟೋ ಕಳಿಸಿ, ನೋಡಿ ಹೇಳುತ್ತೇನೆ ಎಂದೆ. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ.

ಬಂದ ಆರು ಫೋಟೋಗಳಲ್ಲಿ ನಾಲ್ಕರಲ್ಲಿ ಟ್ಯೂಬ್‌ಲೈಟೇ ಕಾಣುತ್ತಿತ್ತು. ಒಂದರಲ್ಲಿ ಬಾಲ. ಕೊನೆಯದರಲ್ಲಿ ಪಾಚಿ ಕಟ್ಟಿದ ಗಾಜಿನ ಹಿಂದೆ ಬೂದುಬಣ್ಣದ ಉದ್ದನೆಯ ಏನೋ ಒಂದು. ಅದನ್ನೇ ಮೀನು ಸಾಕುವವರ ಒಂದು ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬರು ಸೆನೆಗಲ್ ಎಂದರು. ಇನ್ನೊಬ್ಬರು ಖಂಡಿತ ಎಂಡ್ಲಿಚೆರಿ ಎಂದರು. ಮೂರನೆಯವರು ಎರಡರ ಕ್ರಾಸ್ ಎಂದರು. ನಾಲ್ಕನೆಯವರು ಟ್ಯಾಂಕು ತೊಳೆಯದೆ ಮೀನು ಸಾಕುವವರ ಬಗ್ಗೆ ಒಂದು ಪುಟ ಬರೆದರು.

ನನ್ನ ರಿಜಿಸ್ಟರ್ ತೆಗೆದು ನೋಡಿದೆ. ನನ್ನ ಕೈಬರಹದಲ್ಲೇ "ಸೆನೆಗಲ್" ಎಂದಿತ್ತು. ಅದನ್ನು ನಾನು ಮೀನು ನೋಡಿ ಬರೆದಿರಲಿಲ್ಲ. ಬೆಂಗಳೂರಿನ ಹೋಲ್‌ಸೇಲ್‌ನವನು ಕಳಿಸಿದ ಪಟ್ಟಿ ನೋಡಿ ಬರೆದುಕೊಂಡಿದ್ದೆ. ಹನ್ನೆರಡು ವರ್ಷ ಇದೇ ಕೆಲಸ ಮಾಡಿದವನು, ಚೀಲದ ಮೇಲಿನ ಹೆಸರನ್ನು ಟ್ಯಾಂಕಿನ ಮೇಲೆ ಅಂಟಿಸುವುದನ್ನೇ ಮೀನು ಗುರುತಿಸುವುದು ಅಂದುಕೊಂಡಿದ್ದೆ ಎಂದು ಆಗ ಹೊಳೆಯಿತು. ಮುಂದಿನ ಭಾನುವಾರ ಅಂಗಡಿ ಮುಚ್ಚಿ ಹೊರಟೆ.

ರಾಯದುರ್ಗದಿಂದ ಕಲ್ಯಾಣದುರ್ಗ, ಅಲ್ಲಿಂದ ಪಾವಗಡ, ಅಲ್ಲಿಂದ ಮಡಕಶಿರ. ಮೂರು ಬಸ್ಸು. ಚೀಲದಲ್ಲಿ ಭೂತಗನ್ನಡಿ, ಟಾರ್ಚು, ಸ್ಕೇಲು, ಟ್ಯಾಂಕು ಉಜ್ಜುವ ಬ್ರಷ್ಷು. ಬೆಟ್ಟದ ಕೋಟೆಯ ಕೆಳಗಿನ ಬೀದಿಗಳನ್ನು ದಾಟಿ ಊರಾಚೆ ಹೋದರೆ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ಅವರ ಮನೆ. ಆಕೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದವರು ಕೈ ತೊಳೆದುಕೊಂಡು ಬಂದರು.

ನಡುಮನೆ ಸಣ್ಣದು. ಒಂದೇ ಕಿಟಕಿ, ಅದೂ ಮುಚ್ಚಿತ್ತು. ಬೀದಿಯಲ್ಲಿ ಹೋಗುವವರು ಇಣುಕಿ ನೋಡುತ್ತಾರೆಂದು ಯಜಮಾನರೇ ಮುಚ್ಚಿಸಿದ್ದರಂತೆ. ಯಾರಾದರೂ ನೋಡಲು ಬಂದರೆ ಗೋಡೆ ಕಡೆ ತಿರುಗಿಬಿಡುತ್ತಾರಂತೆ. ನಾನು ಹೋದಾಗಲೂ ಮುಖ ತಿರುಗಿಸಿಕೊಂಡರು. ನಾನು ಟ್ಯಾಂಕಿನ ಮುಂದೆ ಕೂತ ಮೇಲೆ, ನಾನು ಬಂದಿರುವುದು ಮೀನಿಗೆ ಎಂದು ಗೊತ್ತಾಗಿ, ನಿಧಾನವಾಗಿ ಈ ಕಡೆ ಹೊರಳಿದರು.

ಗಾಜು ಉಜ್ಜಿದೆ. ಮೀನು ಪೈಪಿನ ತುಂಡಿನೊಳಗೆ ಹೋಗಿ ಸೇರಿಕೊಂಡಿತು. ಕಾದೆ. ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂತು. ಬೆನ್ನಿನ ರೆಕ್ಕೆಗಳನ್ನು ಎಣಿಸತೊಡಗಿದೆ. ಸೆನೆಗಲ್‌ಗಾದರೆ ಸಾಮಾನ್ಯವಾಗಿ ಹನ್ನೊಂದರೊಳಗೆ ಇರಬೇಕು, ಅದರ ಮೇಲೆ ಹೋದರೆ ಬೇರೆ ಜಾತಿಯ ಅನುಮಾನ. ಮೊದಲ ಸಲ ಹತ್ತು ಬಂತು. ಎರಡನೇ ಸಲ ಹನ್ನೆರಡು. ಅದು ರೆಕ್ಕೆಗಳನ್ನು ಮಡಚಿಕೊಂಡೇ ಓಡಾಡುತ್ತಿತ್ತು, ನಿಗುರಿಸಿದಾಗ ತಿರುಗುತ್ತಿತ್ತು. ಎಂಟು ಸಲ ಎಣಿಸಿದೆ. ಕೊನೆಗೆ ಹನ್ನೊಂದು ಎನ್ನುವುದು ಖಚಿತವಾಯಿತು, ಆದರೆ ಏಳನೆಯದಕ್ಕೂ ಎಂಟನೆಯದಕ್ಕೂ ನಡುವೆ ಒಂದು ಬಿಡುವು. ಅಲ್ಲಿ ಹಿಂದೆ ಒಂದು ರೆಕ್ಕೆ ಇದ್ದು ಕಿತ್ತುಹೋಗಿತ್ತೋ, ಹುಟ್ಟಿದ್ದೇ ಹಾಗೋ. ಎರಡು ಜಾತಿ ಬೇರೆಯಾಗುವ ಗೆರೆಯ ಮೇಲೇ ಸರಿಯಾಗಿ ಬಂದು ಕೂತಿತ್ತು ಆ ಮೀನು.

ದವಡೆ ನೋಡಿದರೆ ಮುಗಿಯುತ್ತದೆ ಅಂದುಕೊಂಡೆ. ಟಾರ್ಚು ಬಿಟ್ಟೆ. ಇಕ್ಕಟ್ಟಿನಲ್ಲಿ ತಿರುಗುವಾಗೆಲ್ಲ ಗಾಜಿಗೆ ಮೂತಿ ಉಜ್ಜಿ ಉಜ್ಜಿ, ಮೇಲ್ತುಟಿ ಊದಿ, ಬಿಳಿಚಿಕೊಂಡು ಮುಂದಕ್ಕೆ ಬಂದಿತ್ತು. ಕೆಳದವಡೆಯ ತುದಿ ಸವೆದಿತ್ತು. ಈಗ ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳಲು ಬರುವಂತಿರಲಿಲ್ಲ. ನಾನು ಕೊಟ್ಟ ಚಿಕ್ಕ ಟ್ಯಾಂಕೇ ನನಗೆ ಬೇಕಾದ ಗುರುತನ್ನು ಅಳಿಸಿಹಾಕಿತ್ತು.

"ಮೊದ್ಲು ಏನು ಹಾಕ್ತಿದ್ರಿ ತಿನ್ನಾಕ?" ಎಂದು ಕೇಳಿದೆ.

"ಇವ್ರು ರೇಷ್ಮೆ ರೀಲಿಂಗ್ ಮಾಡ್ತಿದ್ರಲ್ಲ, ದಾರ ಬಿಚ್ಚಿದ ಮ್ಯಾಲೆ ಗೂಡಿನೊಳಗೆ ಉಳಿಯೋ ಹುಳ ಹಾಕ್ತಿದ್ರು. ಈಗ ನಾನು ಕೋಳಿ ಚೂರು, ಎರೆಹುಳ ಹಾಕ್ತೀನಿ."

ಅಲ್ಲಿಗೆ ಇನ್ನೊಂದು ದಾರಿಯೂ ಮುಚ್ಚಿತು. ಆ ಹುಳ ಕೊಬ್ಬಿನ ಆಹಾರ. ಅದನ್ನು ತಿಂದು ಬೆಳೆದ ಸೆನೆಗಲ್ ಹದಿನಾಲ್ಕು ಇಂಚು ಆಗಿದ್ದರೆ ಆಶ್ಚರ್ಯವಿಲ್ಲ. ಉದ್ದವೂ ಸಾಕ್ಷಿಯಾಗದೆ ಹೋಯಿತು. ಮೀನಿನ ಒಂದು ಪಕ್ಕವನ್ನು ತಲೆಯಿಂದ ಬಾಲದವರೆಗೆ ವೀಡಿಯೋ ಮಾಡಿಕೊಂಡೆ. ಮೀನು ಮೂತಿ ಉಜ್ಜದಿರಲೆಂದು ಗಾಜಿಗೆ ಹೊರಗಡೆಯಿಂದ ಹಳೇ ಪೇಪರು ಅಂಟಿಸಿ, ಮೂರು ದಿನಕ್ಕೊಮ್ಮೆ ಸ್ವಲ್ಪ ನೀರು ಬದಲಿಸಲು ಹೇಳಿ, ಉಪ್ಪು ಗಿಪ್ಪು ಏನೂ ಹಾಕಬೇಡಿ ಎಂದು ಎಚ್ಚರಿಸಿದೆ. ಯಜಮಾನರು ನೋಡುವ ಕಡೆಯ ಗಾಜನ್ನು ಮಾತ್ರ ಬಿಟ್ಟೆ.

"ಏನಣ್ಣಾ, ಗೊತ್ತಾತಾ?" ಎಂದು ಆಕೆ ಬಾಗಿಲವರೆಗೆ ಬಂದು ಕೇಳಿದರು.

"ಇನ್ನೊಂದ್ ವಾರ ಕೊಡ್ರಿ ಅಕ್ಕಾ."

ಆಕೆ ತಲೆಯಾಡಿಸಿ ಹುಳದ ಮನೆ ಕಡೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ರಾಯದುರ್ಗದಲ್ಲಿ ನನಗೆ ಪರಿಚಯದ ಒಬ್ಬರು ಪ್ರಾಣಿಶಾಸ್ತ್ರದ ಲೆಕ್ಚರರ್ ಇದ್ದಾರೆ. ವೀಡಿಯೋ ತೋರಿಸಿದೆ. ಮೂರು ಸಲ ನೋಡಿದರು. "ಒಳ್ಳೇ ಮೀನ್ರಿ," ಎಂದರು. "ಇದನ್ನ ಗಾಜಿನಾಗ ನೋಡಿ ಹೇಳಾಕ ಬರಂಗಿಲ್ಲ. ಸತ್ತ ಮ್ಯಾಲ ತಂದು ಕೊಡ್ರಿ, ಕುಂತು ನೋಡಿ ಹೇಳ್ತೀನಿ."

"ಸತ್ತ ಮ್ಯಾಲ ಯಾಕ ಬೇಕ್ರಿ ಸಾರ್ ಹೆಸರು?"

"ನೀವು ಸಿಟ್ಟಾಗಬ್ಯಾಡ್ರಿ. ಹುರುಪೆ ಎಣಿಸಿ ನೋಡ್ರಿ. ಪಕ್ಕದಾಗ ಒಂದು ಗೆರಿ ಹೋಗತೈತಿ, ಅದರ ಮ್ಯಾಲಿನ ಹುರುಪೆ ಎಷ್ಟು ಅಂತ. ಪುಸ್ತಕದಾಗ ಅದನ್ನೂ ಕೊಟ್ಟಿರತಾರ."

ಎಣಿಸಿದೆ. ವೀಡಿಯೋವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ, ದೊಡ್ಡದು ಮಾಡಿ, ಫೋನಿನ ಗಾಜಿನ ಮೇಲೆ ಸೂಜಿಯ ತುದಿ ಇಟ್ಟುಕೊಂಡು, ಪ್ರತಿ ಹತ್ತಕ್ಕೊಂದು ಗೀಟು ಕಾಗದದ ಮೇಲೆ. ಗಿರಾಕಿ ಬಂದರೆ ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿಂದ. ಎರಡು ದಿನ ಹಿಡಿಯಿತು. ಐವತ್ತಾರು ಬಂತು. ಒಂದೆರಡು ಹೆಚ್ಚು ಕಡಿಮೆ ಇರಬಹುದು. ಲೆಕ್ಚರರು ತಮ್ಮ ಪುಸ್ತಕದ ಆ ಪುಟದ ಫೋಟೋ ಕಳಿಸಿದರು. ಎರಡೂ ಜಾತಿಗೂ ಐವತ್ತರ ಮೇಲಿನ ಲೆಕ್ಕವೇ, ಒಂದರ ಮೇಲೊಂದು ಹತ್ತಿಕೊಂಡಿತ್ತು. ನನ್ನ ಐವತ್ತಾರು ಎರಡರೊಳಗೂ ಆರಾಮವಾಗಿ ಕೂತಿತು. ಆ ಕಾಗದವನ್ನು ಹರಿಯಲಿಲ್ಲ. ಹರಿಯುವಷ್ಟು ಉಮೇದೂ ಉಳಿದಿರಲಿಲ್ಲ.

ಇನ್ನೊಂದು ಉಪಾಯವಿತ್ತು. ಬಕೆಟ್ಟಿನ ನೀರಿಗೆ ಲವಂಗದ ಎಣ್ಣೆ ಬೆರೆಸಿದರೆ ಮೀನು ಮಂಪರಿಗೆ ಹೋಗುತ್ತದೆ. ಆಗ ಕೈಯಲ್ಲಿ ಹಿಡಿದು ಬಾಯಿ ಬಿಡಿಸಿ ನೋಡಬಹುದು. ಬಂಗಾರದ ಮೀನಿಗೆ ಎಷ್ಟೋ ಸಲ ಮಾಡಿದ್ದೇನೆ. ಆದರೆ ಬಿಚಿರ್ ನೀರಿನ ಮೇಲೆ ಬಂದು ಗಾಳಿ ಕುಡಿಯುವ ಮೀನು. ಮಂಪರಿನಲ್ಲಿ ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯಬಹುದು. ಅದರ ಹೆಸರು ತಿಳಿಯಲು ಹೋಗಿ ಅದನ್ನೇ ಕೊಂದು, ಆ ಮನುಷ್ಯನ ಕಣ್ಣೆದುರು ಖಾಲಿ ಟ್ಯಾಂಕು ಬಿಟ್ಟು ಬರುವ ಧೈರ್ಯ ನನಗಿರಲಿಲ್ಲ. ಬಾಟಲಿ ಚೀಲಕ್ಕೆ ಹಾಕಿದ್ದವನು ತೆಗೆದು ಗೂಡಿಗೆ ಇಟ್ಟೆ.

ವಾರ ಮುಗಿಯಿತು. ಆಕೆ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಒಂದು ಸುಲಭದ ದಾರಿ ಇತ್ತು, ಅದು ಮನಸ್ಸಿಗೆ ಬರಲಿಲ್ಲ ಎಂದರೆ ಸುಳ್ಳು. "ಸೆನೆಗಲ್ಲೇ ಅಕ್ಕಾ, ಇನ್ನು ಬೆಳೆಯಂಗಿಲ್ಲ" ಎಂದುಬಿಟ್ಟರೆ ಎಲ್ಲರಿಗೂ ಸಮಾಧಾನ. ನನ್ನ ರಿಜಿಸ್ಟರ್ ಸರಿ, ಅವರ ಮೀನು ಅವರ ಮನೆಯಲ್ಲೇ. ಸುಳ್ಳೆಂದು ತಿಳಿಯುವಷ್ಟರಲ್ಲಿ ಇನ್ನೊಂದು ವರ್ಷ ಹೋಗಿರುತ್ತದೆ, ಮೀನು ಬೆನ್ನು ಡೊಂಕಾಗಿ ನರಳಿರುತ್ತದೆ.

ಅಷ್ಟರಲ್ಲಿ ಬೆಂಗಳೂರಿನಿಂದ ಹೊಸ ಮಾಲು ಬಂತು. ಅದರಲ್ಲಿ ಬಿಚಿರ್ ಮರಿಗಳ ಒಂದು ಚೀಲ, ಮೇಲೆ ಅದೇ "ಸೆನೆಗಲ್". ಈ ಸಲ ಚೀಲ ಬಿಚ್ಚಿದವನು ಮರಿಗಳನ್ನು ಒಂದು ಬಿಳಿ ಬೋಗುಣಿಗೆ ಬಿಟ್ಟು ಮುಂದೆ ಕೂತೆ. ಎಂಟು ಮರಿ. ಏಳರ ಮೈಮೇಲೆ ತಲೆಯಿಂದ ಬಾಲದ ಕಡೆಗೆ ಹೋಗುವ ಉದ್ದ ಗೆರೆಗಳು. ಒಂದರ ಮೈಮೇಲೆ ಮಾತ್ರ ಬೆನ್ನಿಂದ ಹೊಟ್ಟೆಯ ಕಡೆಗೆ ಇಳಿಯುವ ಅಡ್ಡಪಟ್ಟೆ. ಅದರ ತಲೆಯೂ ಉಳಿದವುಗಳಿಗಿಂತ ಅಗಲ. ಒಂದೇ ಚೀಲದಲ್ಲಿ ಎರಡು ಜಾತಿ.

ಹೋಲ್‌ಸೇಲ್‌ನವನಿಗೆ ಫೋನು ಮಾಡಿದೆ. ಅವನು ತೆಲುಗಿನವನು. "ಚಿನ್ನ ಪಿಲ್ಲಲು ಅನ್ನೀ ಒಕ್ಕಟೇ ಅನ್ನಾ," ಎಂದ. ಮರಿಗಳೆಲ್ಲ ಒಂದೇ ಅಂತೆ. ಇನ್ನೂ ಏನೋ ಹೇಳಲು ಹೊರಟಿದ್ದೆ, ಫೋನಿಟ್ಟುಬಿಟ್ಟಿದ್ದ.

ಸಿಟ್ಟಿನಲ್ಲೇ ಒಂದು ವಿಷಯ ತಲೆಗೆ ಬಂತು. ಉದ್ದ ಗೆರೆಗಳು ಬೆಳೆದ ಮೇಲೆ ಮಾಸಿಹೋಗುತ್ತವೆ, ಇಕ್ಕಟ್ಟಿನ ಕೊಳೆ ನೀರಿನಲ್ಲಿ ಅಡ್ಡಪಟ್ಟೆಯೂ ಮಸುಕಾಗುತ್ತದೆ. ದೊಡ್ಡದಾದ ಮೀನಿನಲ್ಲಿ ನನಗೆ ಏನೂ ಸಿಕ್ಕಿರಲಿಲ್ಲ. ನಾನು ನೋಡಬೇಕಾದದ್ದು ಎರಡೂವರೆ ವರ್ಷದ ಹಿಂದಿನ ಮೀನನ್ನು.

ಆಕೆಗೆ ಫೋನು ಮಾಡಿದೆ. "ಅಕ್ಕಾ, ಅದು ಸಣ್ಣದಿದ್ದಾಗ ತೆಗೆದ ಫೋಟೋ ಏನಾದ್ರೂ ಅದಾವೇನ್ರಿ?"

"ನನ್ನತ್ರ ಇಲ್ಲ. ಇವ್ರ ಫೋನಾಗೆ ಇದ್ವು. ವಾರ ವಾರ ತೆಗೀತಿದ್ರು." ದನಿ ತಗ್ಗಿಸಿದರು. "ಲಕ್ವಾ ಹೊಡೆದ ಮ್ಯಾಲೆ ಆ ಫೋನು ಮುಟ್ಟಿಲ್ಲ ಅಣ್ಣಾ. ಯಾರನ್ನೂ ಮುಟ್ಟಾಕೆ ಬಿಡಲ್ಲ. ಗೀಟು ಎಳೆಯೋ ಲಾಕು ಹಾಕವ್ರೆ, ನನಗೂ ಗೊತ್ತಿಲ್ಲ. ನೀವು ಬೇರೆ ಏನಾದ್ರೂ ನೋಡ್ರಿ."

ಬೇರೆ ಏನೂ ಇರಲಿಲ್ಲ. ಆ ದಿನವೆಲ್ಲ ಅದನ್ನೇ ಯೋಚಿಸುತ್ತಾ, ಒಂದು ಕಸಿವಿಸಿ ಹತ್ತಿತು. ಆ ಮನೆಗೆ ಹೋಗಿ ಅರ್ಧ ದಿನ ಕೂತಿದ್ದೆ. ಮೀನು ಏನು ತಿನ್ನುತ್ತದೆ, ಯಾವಾಗ ಬೆಳೆಯಿತು, ಎಲ್ಲವನ್ನೂ ಆಕೆಯನ್ನೇ ಕೇಳಿದ್ದೆ. ಮೂರು ಅಡಿ ದೂರದಲ್ಲಿ ಮಲಗಿದ್ದ ಮನುಷ್ಯ ಮೀನಿನ ಮಾಲೀಕ, ಎರಡೂವರೆ ವರ್ಷದಿಂದ ಅದನ್ನು ನೋಡುತ್ತಿರುವವರು. ಅವರ ಕಡೆ ತಿರುಗಿ ಒಂದು ಮಾತನ್ನೂ ಕೇಳಿರಲಿಲ್ಲ. ಮಾತು ಬರದವರಿಗೆ ಏನು ಕೇಳುವುದು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಫೋನಿನಲ್ಲಿ ಆಕೆಯ ಮೂಲಕ ಹೇಳಿಸುವುದು ಬೇಡ, ನಾನೇ ಹೋಗಿ ಅವರನ್ನೇ ಕೇಳುವುದು ಎಂದು ನಿಶ್ಚಯಿಸಿದೆ. ಅವರು ಬೇಡ ಎಂದರೆ ಬೇಡ.

ಮತ್ತೆ ಮೂರು ಬಸ್ಸು. ಈ ಸಲ ಚೀಲದಲ್ಲಿ ಭೂತಗನ್ನಡಿ ಇರಲಿಲ್ಲ. ಡಬ್ಬದಲ್ಲಿ ನೀರು, ನೀರಿನಲ್ಲಿ ಎರಡು ಮರಿ. ಉದ್ದ ಗೆರೆಯದೊಂದು, ಅಡ್ಡಪಟ್ಟೆಯದೊಂದು.

ಮಂಚದ ಪಕ್ಕ ನೆಲದ ಮೇಲೆ ಕೂತು ಡಬ್ಬವನ್ನು ಅವರ ಮುಖದ ಹತ್ತಿರ ಹಿಡಿದೆ. ಗೋಡೆ ಕಡೆ ತಿರುಗಿದ್ದವರು ನೀರಿನ ಸದ್ದಿಗೆ ಹೊರಳಿದರು.

"ಅಣ್ಣಾರ, ನಾನು ನಿಮಗ ತಪ್ಪು ಹೆಸರು ಹೇಳಿ ಮೀನು ಕೊಟ್ಟೀನಿ ಅನ್ನಿಸ್ತೈತಿ," ಎಂದೆ. "ಖಾತ್ರಿ ಇಲ್ಲ. ಇವೆರಡರಾಗ ನಿಮ್ಮ ಮೀನು ಸಣ್ಣದಿದ್ದಾಗ ಯಾವ್ದರಂಗ ಇತ್ತು, ನೀವು ಹೇಳ್ಬೇಕು. ನಿಮಗ ಬಿಟ್ರ ಯಾರಿಗೂ ಗೊತ್ತಿಲ್ಲ."

ಬಹಳ ಹೊತ್ತು ನೋಡಿದರು. ಎಡಗೈ ಎತ್ತಿ ಅಡ್ಡಪಟ್ಟೆಯ ಮರಿಯ ಕಡೆ ತೋರಿಸಿದರು. ಆಮೇಲೆ ಅದೇ ಕೈಯನ್ನು ಗೋಡೆಯ ಗೂಡಿನ ಕಡೆ ಚಾಚಿದರು. ಗೂಡಿನಲ್ಲಿ, ಔಷಧಿ ಡಬ್ಬಿಗಳ ಹಿಂದೆ, ಫೋನಿತ್ತು.

ಆಕೆ ಅದನ್ನು ತೆಗೆದು ಚಾರ್ಜಿಗೆ ಹಾಕಿದರು. ಅದಕ್ಕೆ ಜೀವ ಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಕಾಫಿ ಕುಡಿದೆವು. ಆಮೇಲೆ ಫೋನನ್ನು ಅವರ ಎದೆಯ ಮೇಲೆ ಇಟ್ಟೆವು. ಒಂಬತ್ತು ಚುಕ್ಕಿಗಳ ಮೇಲೆ ಎಡಗೈಯ ಬೆರಳಿನಿಂದ ಗೀಟು ಎಳೆದರು. ತಪ್ಪಾಯಿತು. ಬಲಗೈ ಕಲಿತಿದ್ದ ಗೀಟು ಎಡಗೈಗೆ ಬರುತ್ತಿರಲಿಲ್ಲ. ಮತ್ತೆ ತಪ್ಪು. ಐದನೆಯ ಸಲಕ್ಕೆ ಫೋನು ಅರ್ಧ ನಿಮಿಷ ನಿಲ್ಲು ಎಂದಿತು. ಅವರ ಹಣೆ ಬೆವತಿತ್ತು. ಆಕೆ "ಬಿಡ್ರಿ, ಸಾಕು" ಎಂದರು. ಅವರು ತಲೆ ಅಲ್ಲಾಡಿಸಿ, ಕಣ್ಣು ಮುಚ್ಚಿ, ಬೆರಳನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ ನೋಡಿಕೊಂಡರು. ಆಮೇಲೆ ಎಳೆದ ಗೀಟಿಗೆ ತೆರೆದುಕೊಂಡಿತು.

ಮೀನಿನವೇ ನೂರಾರು ಫೋಟೋ. ಮೊದಲ ವಾರದವು ಬೇಕಿತ್ತು, ಹಿಂದಕ್ಕೆ ಸರಿಸುತ್ತಾ ಹೋದೆ. ಸಿಕ್ಕವು. ಅಡ್ಡಪಟ್ಟೆಗಳು ಸ್ಪಷ್ಟವಾಗಿದ್ದವು, ಮೈಮೇಲೆ ಒಂದೂ ಉದ್ದ ಗೆರೆ ಇರಲಿಲ್ಲ. ಮೂರನೇ ತಿಂಗಳಿನ ಒಂದು ಫೋಟೋದಲ್ಲಿ ತಲೆ ಪೂರ್ತಿ ಪಕ್ಕಕ್ಕಿತ್ತು. ಗಾಯವಿಲ್ಲದ ಬಾಯಿ, ಕೆಳದವಡೆ ಮೇಲಿನದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಮುಂದೆ. ನಾನು ಇಷ್ಟು ದಿನ ಎಲ್ಲೆಲ್ಲೋ ಎಣಿಸಿದ್ದಕ್ಕೆ ಉತ್ತರ ಔಷಧಿ ಡಬ್ಬಿಗಳ ಹಿಂದೆ ಇತ್ತು.

ಆ ಫೋಟೋಗಳಲ್ಲಿ ಟ್ಯಾಂಕು ಈ ಕೋಣೆಯಲ್ಲಿರಲಿಲ್ಲ. ಹಿಂದೆ ಆವಿ, ಗೂಡು ಬೇಯಿಸುವ ತೊಟ್ಟಿ, ಸುತ್ತುವ ರಾಟೆಗಳು. "ಇದು ಎಲ್ಲಿ?" ಎಂದೆ.

"ಅಗೋ, ಹಿಂದ್ಗಡೆ ರೀಲಿಂಗ್ ಶೆಡ್ಡು," ಎಂದರು ಆಕೆ. "ಇವ್ರು ಕೆಲ್ಸ ಮಾಡ್ತಾ ಪಕ್ಕದಾಗೇ ಇಟ್ಕೊಂಡಿದ್ರು. ಈಗ ಬೀಗ ಹಾಕೈತೆ."

ಹೇಳಬೇಕಾದದ್ದನ್ನು ಹೇಳಿದೆ. ಈ ಸಲ ಅವರ ಮುಖ ನೋಡಿಯೇ ಹೇಳಿದೆ. ಇದು ಸೆನೆಗಲ್ ಅಲ್ಲ. ಎಂಡ್ಲಿಚೆರಿ ಅನ್ನುವ ದೊಡ್ಡ ಜಾತಿ, ಅಥವಾ ಅದರ ರಕ್ತ ಇರುವ ಕ್ರಾಸ್. ಎರಡಡಿ ಆಗಬಹುದು, ದಾಟಲೂಬಹುದು. ಕಡೇ ಪಕ್ಷ ಆರಡಿ ಟ್ಯಾಂಕು ಬೇಕು. ತಪ್ಪು ನನ್ನದು, ನಾನು ನೋಡಿ ಕೊಡಬೇಕಿತ್ತು.

ಆಕೆ ಹೊಸಿಲ ಮೇಲೆ ಕೂತುಬಿಟ್ಟರು. "ಹಂಗಾರೆ ಹಿಂದೂಪುರಕ್ಕೆ ಹೇಳ್ತೀನಿ," ಎಂದರು, ಯಾರಿಗೂ ಅಲ್ಲದಂತೆ.

"ಬ್ಯಾಡ," ಎಂದರು ಯಜಮಾನರು. ಲಕ್ವಾ ಹೊಡೆದ ಮೇಲೆ ನಾನು ಅವರ ದನಿ ಕೇಳಿದ್ದು ಅದೇ ಮೊದಲು. ಒದ್ದೆ ಬಟ್ಟೆಯ ಒಳಗಿಂದ ಬಂದಂತಿತ್ತು. ಫೋನಿನ ಮೇಲಿದ್ದ ಫೋಟೋವನ್ನು ಬೆರಳಿನಿಂದ ಕುಟ್ಟಿ, "ಶೆಡ್ಡು," ಎಂದರು.

"ಶೆಡ್ಡಾಗೆ ಇಟ್ರೆ ನೀವು ನೋಡೋದು ಹೆಂಗೆ? ಅದು ಅಲ್ಲಿ, ನೀವು ಇಲ್ಲಿ."

ಅವರು ಉತ್ತರ ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.

"ನಾನೂ," ಎಂದರು.

ಆಕೆ ಎದ್ದು ಒಳಗೆ ಹೋದರು. ಪಾತ್ರೆ ಸದ್ದು ಮಾಡುತ್ತಾ ಅಲ್ಲೇ ಇದ್ದರು. ಆಮೇಲೆ ಬಂದು ನನ್ನ ಕೈಗೆ ಶೆಡ್ಡಿನ ಬೀಗದಕೈ ಕೊಟ್ಟು, "ಅಳತೆ ತಗಳ್ರಿ," ಎಂದರು. "ಒಂದೂವರೆ ವರ್ಷದಿಂದ ಹೊಸಿಲು ದಾಟ್ರಿ ಅಂತ ಬೇಡ್ಕಂತಿದೀನಿ. ನೆಂಟರು ಹೇಳಿದ್ರು, ಡಾಕ್ಟ್ರು ಹೇಳಿದ್ರು, ಯಾರ ಮಾತೂ ಕೇಳಲಿಲ್ಲ."

ಟ್ಯಾಂಕನ್ನು ನಾನೇ ಕಟ್ಟಿದೆ. ಬಳ್ಳಾರಿಯಿಂದ ಹನ್ನೆರಡು ಎಂ.ಎಂ. ಗಾಜು ತರಿಸಿ, ಶೆಡ್ಡಿನಲ್ಲೇ ಕೂತು ಆರಡಿಗೆ ಎರಡಡಿ ಅಂಟಿಸಿದೆ. ಮೊದಲ ಸಲ ನೀರು ತುಂಬಿದಾಗ ಒಂದು ಮೂಲೆ ಸೋರಿತು. ಕೆರೆದು ತೆಗೆದು ಮತ್ತೆ ಅಂಟಿಸಿ, ವಾರ ಒಣಗಲು ಬಿಟ್ಟೆ. ಹುಳ ಸಾಕುವ ಮನೆ ಹತ್ತಿರವೇ ಇದ್ದುದರಿಂದ, ಅಲ್ಲಿ ಬ್ಲೀಚಿಂಗ್ ಪೌಡರ್ ಹೊಡೆಯುವ ದಿನ ಶೆಡ್ಡಿನ ಬಾಗಿಲು ಭದ್ರವಾಗಿ ಮುಚ್ಚಬೇಕು ಎಂದು ಆಕೆಗೆ ಹತ್ತು ಸಲ ಹೇಳಿದೆ.

ಮೀನನ್ನು ಒದ್ದೆ ದುಪ್ಪಟಿಯಲ್ಲಿ ಸುತ್ತಿ ಅಂಗಳ ದಾಟಿಸಿದೆ. ಅಷ್ಟು ಹೊತ್ತು ಅದು ನನ್ನ ಕೈಯಲ್ಲಿತ್ತು. ಹೆಬ್ಬೆರಳಿನಿಂದ ಬೆನ್ನು ಸವರಿ ಎಣಿಸಿದೆ. ಹನ್ನೊಂದು ರೆಕ್ಕೆ, ಬಿಡುವಿನಲ್ಲಿ ಒಂದು ಮೊಂಡು. ಅದು ಮುರಿದ ರೆಕ್ಕೆಯ ಬುಡವಾದರೆ ಹನ್ನೆರಡು. ಬರೀ ಹುರುಪೆಯ ಗಂಟಾದರೆ ಹನ್ನೊಂದೇ. ಇನ್ನೊಮ್ಮೆ ಸವರುವಷ್ಟರಲ್ಲಿ ಟ್ಯಾಂಕು ಬಂದಿತ್ತು.

ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ ನಾನೂ ಆಕೆಯ ತಮ್ಮನೂ ಎತ್ತಿ ತಂದೆವು. ಅಂಗಳದಲ್ಲಿ ಬಿಸಿಲಿಗೆ ಕಣ್ಣು ಮುಚ್ಚಿಕೊಂಡರು. ಬೇಲಿಯಾಚೆ ಸೊಪ್ಪು ಕೊಯ್ಯುತ್ತಿದ್ದ ಇಬ್ಬರು ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಯಜಮಾನರಿಗೆ ಮುಖ ತಿರುಗಿಸಿಕೊಳ್ಳಲು ಅಲ್ಲಿ ಗೋಡೆ ಇರಲಿಲ್ಲ.

ಹಳೇ ಫೋಟೋಗಳನ್ನು ಅದೇ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಈ ಸಲ ಇಬ್ಬರು ಎಂಡ್ಲಿಚೆರಿ ಎಂದರು. ಪಟ್ಟೆಗಳು ತೆಳು, ಕ್ರಾಸ್ ಇರಬೇಕು ಎಂದು ಮೂರನೆಯವರು ಇನ್ನೂ ಹಟ ಹಿಡಿದಿದ್ದಾರೆ. ಅವರದು ತಪ್ಪು ಎನ್ನಲು ನನ್ನ ಹತ್ತಿರ ಆಧಾರವಿಲ್ಲ. ಹೋಲ್‌ಸೇಲ್‌ನವನ ಚೀಲದ ಮೇಲೆ ಈಗಲೂ ಸೆನೆಗಲ್ ಎಂದೇ ಇರುತ್ತದೆ. ನಾನು ಪ್ರತಿ ಮರಿಯನ್ನೂ ಬೋಗುಣಿಗೆ ಬಿಟ್ಟು ನೋಡಿ, ಖಾತ್ರಿಯಾಗದವಕ್ಕೆ "ಜಾತಿ ಗೊತ್ತಿಲ್ಲ" ಎಂದು ಬರೆದು ಅಂಟಿಸುತ್ತೇನೆ. ಹೆಸರಿಲ್ಲದ ಮೀನನ್ನು ಗಿರಾಕಿಗಳು ಕೇಳುವುದಿಲ್ಲ, ಟ್ಯಾಂಕಿನಲ್ಲೇ ಉಳಿಯುತ್ತವೆ. ಅದೊಂದು ಬೇಸರ.

ಒಂದು ತಿಂಗಳಾದ ಮೇಲೆ ಆಕೆ ಫೋನು ಮಾಡಿದರು. ಮೀನಿನ ಮೂತಿ ಮಾಗಿದೆ. ಶೆಡ್ಡಿನ ಬಾಗಿಲು ತೆರೆದಿರುವುದರಿಂದ ಅಕ್ಕಪಕ್ಕದವರು ನೋಡಲು ಬರುತ್ತಾರೆ. ಬಂದವರೆಲ್ಲ ಇದು ಯಾವ ಮೀನು ಎಂದು ಯಜಮಾನರನ್ನೇ ಕೇಳುತ್ತಾರೆ.

"ಹೇಳಾಕೆ ಬರ್ತಿರಲಿಲ್ಲ, ಸಿಟ್ಟಾಗೋರು," ಎಂದರು. "ಮೊನ್ನೆಯಿಂದ ಅವ್ರಷ್ಟಕ್ಕೆ ಅವ್ರೇ ಅಂದ್ಕಂಡು ಅಂದ್ಕಂಡು ಕಲ್ತವ್ರೆ. ಕೇಳ್ರಿ ಇಲ್ಲಿ."

ಫೋನು ಕೈ ಬದಲಾದ ಸದ್ದು. ಹಿಂದೆ ಟ್ಯಾಂಕಿನ ಮೋಟಾರು ಗುಂಯ್ ಎನ್ನುತ್ತಿತ್ತು. ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಎಂಡ್... ಲಿ... ಚೆರಿ."

ಹೆಸರು ಅದೇ ಹೌದೋ ಅಲ್ಲವೋ ನನಗೆ ಇನ್ನೂ ಪೂರ್ತಿ ನಂಬಿಕೆಯಿಲ್ಲ. "ಹೌದ್ರಿ ಅಣ್ಣಾರ," ಎಂದೆ.